ವೈರ್ ಸಮೇತ ಬರುವ ಡಿಸಿ ಜ್ಯಾಕ್: ಚಾರ್ಜರ್ ಪಿನ್ ಲೂಸ್ ಆದವರು ಮೊದಲು ಇದನ್ನು ನೋಡಿ

ತೀರ್ಪು ಮೊದಲೇ ಹೇಳಿಬಿಡುತ್ತೇನೆ, ಪುರುಸೊತ್ತಿಲ್ಲದವರು ಇಲ್ಲಿಗೇ ನಿಲ್ಲಿಸಬಹುದು. ಚಾರ್ಜರ್ ಚುಚ್ಚಿದರೆ ಲೈಟ್ ಹತ್ತುತ್ತದೆ, ಕೈ ಬಿಟ್ಟರೆ ಆರುತ್ತದೆ, ಪಿನ್ನನ್ನು ಒಂದು ಕಡೆಗೆ ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ. ಈ ಕಾಯಿಲೆ ನಿಮ್ಮ ಲ್ಯಾಪ್‌ಟಾಪಿಗೂ ಇದ್ದು, ಅದರ ಜ್ಯಾಕ್ ಬೋರ್ಡಿಗೆ ಬೆಸುಗೆ ಆಗಿರದೆ ವೈರಿನ ತುದಿಯಲ್ಲಿ ಬರುವಂಥದ್ದಾದರೆ, ಮುನ್ನೂರು ರೂಪಾಯಿ ಆಸುಪಾಸಿನ ಈ ಒಂದು ಪಾರ್ಟ್ ಸಾಕು. ಮನೆಯಲ್ಲೇ ಹಾಕಬಹುದು. ಸೋಲ್ಡರಿಂಗ್ ಬೇಡ. ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅಂತ ಮುಂದೆ ಹೇಳುತ್ತೇನೆ.

ಪಾರ್ಟ್ ನೋಡೋಕೆ ಏನೂ ಇಲ್ಲ. ಗೇಣುದ್ದವೂ ಇಲ್ಲದ ನಾಲ್ಕೈದು ವೈರುಗಳ ಕಟ್ಟು. ಒಂದು ತುದಿಯಲ್ಲಿ ಚಾರ್ಜರ್ ಪಿನ್ ಹೋಗುವ ದುಂಡು ಬಾಯಿ, ಇನ್ನೊಂದು ತುದಿಯಲ್ಲಿ ಮದರ್‌ಬೋರ್ಡಿಗೆ ಕೂರುವ ಬಿಳಿ ಪ್ಲಾಸ್ಟಿಕ್ ಕನೆಕ್ಟರ್. ಅಂಗಡಿಯವರು ಇದನ್ನು ಡಿಸಿ ಜ್ಯಾಕ್ ಅಂತಲೋ ಚಾರ್ಜಿಂಗ್ ಜ್ಯಾಕ್ ಅಂತಲೋ ಕರೆಯುತ್ತಾರೆ. ಕಂಪನಿಯವರು ಇದನ್ನು ಬೋರ್ಡಿನಿಂದ ಬೇರೆ ಮಾಡಿ ಇಟ್ಟಿದ್ದೇ ಒಳ್ಳೆಯದಾಯಿತು. ಪಿನ್ನಿನ ಮೇಲೆ ಬೀಳುವ ಎಳೆದಾಟ ಬೋರ್ಡಿಗೆ ತಟ್ಟುವುದಿಲ್ಲ, ಸವೆದರೆ ಈ ತುಂಡನ್ನು ಮಾತ್ರ ಬದಲಿಸಬಹುದು. ಆದರೆ ಈ ವಿಷಯ ರಿಪೇರಿಗೆ ಹೋದಾಗ ಯಾರೂ ನಮಗೆ ಹೇಳುವುದಿಲ್ಲ. ನಾನು ವಿಚಾರಿಸಿದ ಒಂದು ಸರ್ವಿಸ್ ಸೆಂಟರಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿಯೂ ನೋಡದೆ, "ಬೋರ್ಡ್ ಪವರ್ ಸೆಕ್ಷನ್ ಹೋಗಿರತ್ತೆ ಸಾರ್, ಬಿಟ್ಟು ಹೋಗಿ, ನೋಡಿ ಹೇಳ್ತೀವಿ" ಅಂದರು. ಪವರ್ ಸೆಕ್ಷನ್ ಹೋಗಿದ್ದರೆ ಪಿನ್ನನ್ನು ಎಡಕ್ಕೆ ಒತ್ತಿದಾಗ ಮಾತ್ರ ಸರಿ ಹೋಗುವುದು ಹೇಗೆ? ಒತ್ತಿದರೆ ಬರುತ್ತದೆ, ಬಿಟ್ಟರೆ ಹೋಗುತ್ತದೆ ಅಂದರೆ ಎಲ್ಲೋ ಒಂದು ಕಡೆ ಲೋಹ ಲೋಹಕ್ಕೆ ಸರಿಯಾಗಿ ತಾಗುತ್ತಿಲ್ಲ ಅಂತಲೇ ಅರ್ಥ ಅಲ್ವಾ.

ಆ "ಎಲ್ಲೋ ಒಂದು ಕಡೆ" ಯಾವುದು ಅಂತ ಗೊತ್ತು ಮಾಡಿಕೊಳ್ಳದೆ ಯಾವ ಪಾರ್ಟನ್ನೂ ತರಬೇಡಿ. ಸಾಮಾನ್ಯವಾಗಿ ಎರಡೇ ಜಾಗ. ಒಂದು, ಚಾರ್ಜರ್ ಕೇಬಲ್ ಪಿನ್ನಿಗೆ ಸೇರುವ ಕುತ್ತಿಗೆ. ಅಲ್ಲೇ ಕೇಬಲ್ ದಿನಾ ಬಾಗುವುದು, ಒಳಗಿನ ತಾಮ್ರದ ಎಳೆಗಳು ಒಂದೊಂದಾಗಿ ಕಡಿದು ಹೋಗುತ್ತವೆ, ಮೇಲಿನ ರಬ್ಬರ್ ಮಾತ್ರ ನೆಟ್ಟಗೆ ಕಾಣುತ್ತದೆ. ಇನ್ನೊಂದು, ಲ್ಯಾಪ್‌ಟಾಪಿನ ಒಳಗಿನ ಜ್ಯಾಕ್. ಪತ್ತೆ ಮಾಡುವ ಸುಲಭದ ದಾರಿ ಅಂದರೆ ಅದೇ ಪಿನ್, ಅದೇ ವೋಲ್ಟ್ ಇರುವ ಇನ್ನೊಬ್ಬರ ಚಾರ್ಜರನ್ನು ತಂದು ಚುಚ್ಚಿ ಅಲ್ಲಾಡಿಸಿ ನೋಡುವುದು. ಆಗಲೂ ಆರಿ ಹತ್ತಿ ಮಾಡಿದರೆ ಜ್ಯಾಕ್. ಆಗ ಸರಿ ಇದ್ದರೆ ನಿಮ್ಮ ಚಾರ್ಜರ್ ಕೇಬಲ್. ಆಂಪ್ಸ್ ಅಷ್ಟೇ ಅಥವಾ ಜಾಸ್ತಿ ಇರಬಹುದು, ಕಡಿಮೆ ಬೇಡ. ವೋಲ್ಟ್ ಮಾತ್ರ ಹೊಂದಲೇಬೇಕು.

ಇನ್ನೊಂದು ಚಾರ್ಜರ್ ಸಿಗದಿದ್ದರೆ ಮಲ್ಟಿಮೀಟರ್. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ ಹಳದಿ ಬಣ್ಣದ ಅಗ್ಗದ ಮೀಟರೂ ನಡೆಯುತ್ತದೆ. ಲ್ಯಾಪ್‌ಟಾಪಿನಿಂದ ಪಿನ್ ತೆಗೆದು, ಕೆಂಪು ಕಡ್ಡಿ ಪಿನ್ನಿನ ಒಳಗೋಡೆಗೆ, ಕಪ್ಪು ಕಡ್ಡಿ ಹೊರಗೋಡೆಗೆ ಹಿಡಿದು, ಇನ್ನೊಬ್ಬರು ಕೇಬಲ್ಲಿನ ಕುತ್ತಿಗೆ ನಿಧಾನಕ್ಕೆ ಬಾಗಿಸಲಿ. ಡೆಲ್, ಎಚ್‌ಪಿ ಚಾರ್ಜರ್‌ಗಳ ಮೇಲೆ ಸಾಮಾನ್ಯವಾಗಿ 19.5 ವೋಲ್ಟ್ ಅಂತ ಬರೆದಿರುತ್ತದೆ, ಮೀಟರನ್ನು ಡಿಸಿ 20ರಲ್ಲಿ ಇಟ್ಟರೆ ಅಷ್ಟೇ ತೋರಿಸುತ್ತದೆ. ಲೆನೊವೊದ 20 ವೋಲ್ಟ್ ಚಾರ್ಜರ್ ಆದರೆ ಅದೇ 20ರ ರೇಂಜಿನಲ್ಲಿ ಎಡಗಡೆ ಬರೀ ಒಂದು 1 ಕಂಡು ಮೀಟರ್ ಸುಮ್ನೆ ಕೂತುಬಿಡಬಹುದು. ಚಾರ್ಜರ್ ಹಾಳಾಗಿದೆ ಅಂದುಕೊಳ್ಳಬೇಡಿ, ಅದು 19.99ರ ಆಚೆ ತೋರಿಸಲಾರದು ಅಷ್ಟೇ, ತಿರುಗಿಸಿ 200ಕ್ಕೆ ಇಡಿ. ಬಾಗಿಸುವಾಗ ಅಂಕಿ ಹಾರಿ ಸೊನ್ನೆಗೆ ಬಂದರೆ ಕೇಬಲ್ ಕಡಿದಿದೆ. ಒಂದು ಎಚ್ಚರಿಕೆ: ಡೆಲ್ ಪಿನ್ನಿನ ನಡುವೆ ಸೂಜಿಯಂಥ ಕಡ್ಡಿ ಇರುತ್ತದಲ್ಲ, ಅದಕ್ಕೂ ಒಳಗೋಡೆಗೂ ಮೀಟರ್ ಕಡ್ಡಿ ಒಟ್ಟಿಗೆ ತಾಗಿಸಬೇಡಿ. ಆ ಕಡ್ಡಿ ಕರೆಂಟಿಗಲ್ಲ, "ನಾನು ಇಂಥ ಚಾರ್ಜರ್, ಇಷ್ಟು ವ್ಯಾಟ್" ಅಂತ ಲ್ಯಾಪ್‌ಟಾಪಿಗೆ ಹೇಳುವ ಚಿಪ್ಪಿನದು. ಚಿಪ್ ಸುಟ್ಟರೆ ಚಾರ್ಜರ್ ಇದ್ದೂ ಇಲ್ಲದಂತೆ. ಚಾರ್ಜರ್ ಯಾವುದು ಅಂತ ಗೊತ್ತಾಗುತ್ತಿಲ್ಲ ಅಂತ ಸ್ಕ್ರೀನ್ ಮೇಲೆ ಬರುತ್ತದೆ, ಲ್ಯಾಪ್‌ಟಾಪ್ ನಿಧಾನವಾಗಿ ಓಡುತ್ತದೆ, ಬ್ಯಾಟರಿ ಮಾತ್ರ ಚಾರ್ಜ್ ಆಗುವುದಿಲ್ಲ. ಇದೇ ಮೆಸೇಜ್ ಜ್ಯಾಕಿನಲ್ಲಿ ಆ ನಡುವಿನ ಸಂಪರ್ಕ ಮಾತ್ರ ಸಡಿಲಾದಾಗಲೂ ಬರುತ್ತದೆ. ಹಾಗಾಗಿ ಅದು ಬಂದ ತಕ್ಷಣ ಹೊಸ ಚಾರ್ಜರಿಗೆ ದುಡ್ಡು ಹಾಕಬೇಡಿ.

ಮೀಟರ್ 19.5 ತೋರಿಸಿತು ಅಂದ ಮಾತ್ರಕ್ಕೆ ಕೇಬಲ್ ಸರಿ ಇದೆ ಅಂತಲೂ ಅಲ್ಲ. ನಾಲ್ಕು ಎಳೆ ಉಳಿದಿದ್ದರೂ ಮೀಟರಿಗೆ ಸಾಕು, ಲ್ಯಾಪ್‌ಟಾಪಿಗೆ ಸಾಲದು. ಅದಕ್ಕೆ ಅರ್ಧ ಗಂಟೆ ಚಾರ್ಜ್ ಮಾಡಿದ ಮೇಲೆ ಪಿನ್ನಿನ ಕುತ್ತಿಗೆಯನ್ನೂ ಲ್ಯಾಪ್‌ಟಾಪಿನ ಆ ಮೂಲೆಯನ್ನೂ ಮುಟ್ಟಿ ನೋಡಿ. 65 ವ್ಯಾಟಿನ ಚಾರ್ಜರಿನಲ್ಲಿ ಹರಿಯುವುದು 3.34 ಆಂಪ್ಸ್. ಲೂಸ್ ಇರುವ ಜಾಗದಲ್ಲಿ ಬರೀ ಒಂದು ಓಮ್ ತಡೆ ಇದ್ದರೂ ಅಲ್ಲೇ ಸುಮಾರು 11 ವ್ಯಾಟ್ ಶಾಖ ಹುಟ್ಟುತ್ತದೆ. ಅಂದರೆ 25 ವ್ಯಾಟಿನ ಸೋಲ್ಡರಿಂಗ್ ಐರನ್ನಿನ ಹತ್ತಿರ ಹತ್ತಿರ ಅರ್ಧ, ಅದೂ ನಿಮ್ಮ ಲ್ಯಾಪ್‌ಟಾಪಿನ ಪ್ಲಾಸ್ಟಿಕ್ ಮೂಲೆಯೊಳಗೆ. ಲೂಸ್ ಕನೆಕ್ಷನ್ ಜೊತೆ "ಹೇಗೋ ನಡೀತಿದೆಯಲ್ಲ" ಅಂತ ತಿಂಗಳುಗಟ್ಟಲೆ ಕಾಲ ತಳ್ಳುವವರಿಗೆ ಈ ಲೆಕ್ಕ ಹೇಳಬೇಕು.

ಮತ್ತೆ ನಮ್ಮ ಮನೆಮದ್ದುಗಳು. ಪಿನ್ನಿಗೆ ರಬ್ಬರ್ ಬ್ಯಾಂಡ್ ಸುತ್ತಿ ಲ್ಯಾಪ್‌ಟಾಪಿಗೆ ಬಿಗಿಯುವುದು, ಕೇಬಲ್ ಕೆಳಗೆ ಪುಸ್ತಕ ಇಡುವುದು, ಇದೆಲ್ಲ ಇವತ್ತಿನ ಮೀಟಿಂಗ್ ಮುಗಿಸೋಕೆ ಸರಿ. ಎಂ-ಸೀಲ್ ಹಚ್ಚಿ ಕುತ್ತಿಗೆ ಗಟ್ಟಿ ಮಾಡಿದರೆ ಕೇಬಲ್ ಅಲ್ಲಿ ಬಾಗುವುದು ನಿಂತು, ಎಂ-ಸೀಲ್ ಮುಗಿಯುವ ಅಂಚಿನಲ್ಲಿ ಬಾಗೋಕೆ ಶುರುವಾಗುತ್ತದೆ, ಮುಂದೆ ಅಲ್ಲೇ ಕಡಿಯುತ್ತದೆ. ಫೆವಿಕ್ವಿಕ್ ಅಂತೂ ಜ್ಯಾಕಿನ ಹತ್ತಿರಕ್ಕೂ ಬೇಡ. ಅದರಲ್ಲಿ ಕರೆಂಟ್ ಹರಿಯುವುದಿಲ್ಲ, ಅದರ ಆವಿ ಸುತ್ತಲಿನ ಲೋಹದ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಕೊನೆಗೆ ಪಿನ್ನೇ ಅಂಟಿಕೊಂಡು ಕೂತರೆ ಇನ್ನೂ ಕಷ್ಟ.

ನನ್ನದರಲ್ಲಿ ಜ್ಯಾಕೇ ಹೋಗಿತ್ತು. ಬಿಚ್ಚಿದ ಮೇಲೆ ನೋಡಿದರೆ ಅನುಮಾನವೇ ಇರಲಿಲ್ಲ. ದುಂಡು ಬಾಯಿಯ ಒಳಗೆ ಪಿನ್ನನ್ನು ಹಿಡಿಯುವ ತೆಳ್ಳನೆಯ ಸ್ಪ್ರಿಂಗ್ ಪಟ್ಟಿ ಇರುತ್ತದೆ. ಹೊಸ ಜ್ಯಾಕಿನಲ್ಲಿ ಅದು ಒಳಕ್ಕೆ ಬಾಗಿ ಪಿನ್ನನ್ನು ಕಚ್ಚುತ್ತದೆ. ನನ್ನದರಲ್ಲಿ ಅದು ಗೋಡೆಗೆ ಅಂಟಿ ಮಲಗಿತ್ತು, ತುದಿ ಕಪ್ಪಾಗಿತ್ತು, ಅದರ ಹಿಂದಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಒಂದು ಕಡೆ ಸ್ವಲ್ಪ ಕರಗಿತ್ತು. ಈ ಪಟ್ಟಿಯನ್ನು ಸೂಜಿಯಿಂದ ಮೇಲಕ್ಕೆ ಎತ್ತಿ ಸರಿ ಮಾಡುವವರಿದ್ದಾರೆ. ಬಿಸಿ ತಿಂದು ಸತ್ತ ಸ್ಪ್ರಿಂಗ್ ಅದು, ಕೆಲವು ದಿನ ಹಿಡಿದು ಮತ್ತೆ ಬಿಡುತ್ತದೆ.

ಈಗ ಕೊಳ್ಳುವ ವಿಷಯ. ಬೆಂಗಳೂರಿನವರಾದರೆ ಎಸ್‌.ಪಿ. ರೋಡಿಗೆ ಹೋಗಿ, ಅದೇ ಸಾದರ ಪತ್ರಪ್ಪ ರಸ್ತೆ. ಗಾಡಿ ತಗೊಂಡು ಹೋಗಬೇಡಿ, ನಿಲ್ಲಿಸೋಕೆ ಜಾಗ ಹುಡುಕುವಷ್ಟರಲ್ಲಿ ಸಂಜೆ ಆಗುತ್ತದೆ. ಮೆಟ್ರೋ ಹಸಿರು ಮಾರ್ಗದಲ್ಲಿ ಚಿಕ್ಕಪೇಟೆಯಲ್ಲೋ ಕೆ.ಆರ್. ಮಾರುಕಟ್ಟೆಯಲ್ಲೋ ಇಳಿದು ನಡೆಯಿರಿ. ಭಾನುವಾರ ಹೆಚ್ಚಿನ ಅಂಗಡಿ ಬಾಗಿಲು ಹಾಕಿರುತ್ತವೆ. ರಸ್ತೆ ಮೇಲಿನ ದೊಡ್ಡ ಶೋರೂಮುಗಳಲ್ಲಿ ಹೊಸ ಲ್ಯಾಪ್‌ಟಾಪ್, ಮಾನಿಟರ್ ಮಾರುತ್ತಾರೆ, ಜ್ಯಾಕ್ ಕೇಳಿದರೆ ಕೈ ತೋರಿಸಿ ಮುಂದಕ್ಕೆ ಕಳಿಸುತ್ತಾರೆ. ನಮಗೆ ಬೇಕಾದ್ದು ಕಾಂಪ್ಲೆಕ್ಸ್‌ಗಳ ಒಳಗೆ, ಮೆಟ್ಟಿಲ ಕೆಳಗೆ, ಒಬ್ಬರೇ ಕೂರುವಷ್ಟು ಜಾಗದಲ್ಲಿ ಲ್ಯಾಪ್‌ಟಾಪ್ ಪಾರ್ಟ್ಸ್ ಇಟ್ಟುಕೊಂಡವರು. ನಾನು ಮೊದಲೇ ಬಿಚ್ಚಿ ಹಳೇ ಜ್ಯಾಕನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿದ್ದೆ, ಅದೇ ದೊಡ್ಡ ಉಪಕಾರ ಆಯಿತು. ಮಾಡೆಲ್ ನಂಬರ್ ಹೇಳೋಕೆ ಬಾಯಿ ತೆಗೆದರೆ ಅಂಗಡಿಯವರು, "ನಂಬರ್ ಬೇಡ ಸಾರ್, ಪೀಸ್ ಕೊಡಿ" ಅಂದರು. ಪುಟ್ಟ ಪ್ಲಾಸ್ಟಿಕ್ ಕವರ್‌ಗಳು ತುಂಬಿದ ಡ್ರಾಯರ್ ಎಳೆದು, ಮೂರ್ನಾಲ್ಕು ಜ್ಯಾಕ್ ತೆಗೆದು, ಹಳೇದರ ಪಕ್ಕ ಇಟ್ಟು ಮೊದಲು ಬಿಳಿ ಕನೆಕ್ಟರಿನ ಕಿಂಡಿ ಎಣಿಸಿದರು, ಆಮೇಲೆ ವೈರಿನ ಉದ್ದ ಹಿಡಿದು ನೋಡಿದರು, ಕೊನೆಗೆ ಬಾಯಿಯ ಅಳತೆ. "ಅದೇ ಲ್ಯಾಪ್‌ಟಾಪ್ ಹೆಸರಲ್ಲಿ ಎರಡು ತರ ಬರತ್ತೆ ಸಾರ್, ತಗೊಂಡೋಗಿ ವಾಪಸ್ ತರ್ತಾರೆ ಎಲ್ಲ." ಬಾಯಿಯ ಅಳತೆಯಲ್ಲೂ ಇದೇ ಗೊಂದಲ. ಡೆಲ್‌ನಲ್ಲಿ ಹಳೆಯ ದಪ್ಪ ಪಿನ್ 7.4 ಮಿ.ಮೀ., ಆಮೇಲೆ ಬಂದ ಸಣ್ಣದು 4.5. ಎಚ್‌ಪಿಯಲ್ಲೂ ದಪ್ಪದ್ದು ಹೋಗಿ ತುದಿ ನೀಲಿ ಇರುವ 4.5 ಬಂತು. ನೋಡೋಕೆ ಒಂದೇ ತರ ಇದ್ದರೂ ಒಂದರ ಚಾರ್ಜರ್ ಇನ್ನೊಂದಕ್ಕೆ ಚುಚ್ಚುವ ಮೊದಲು ಲೇಬಲ್ ಓದಿ.

ಊರಲ್ಲಿ ಇರುವವರು, ಎಸ್‌.ಪಿ. ರೋಡ್ ದೂರ ಅನ್ನುವವರು ಆನ್‌ಲೈನ್‌ನಲ್ಲಿ ತರಿಸಬಹುದು. ಆದರೆ ಲ್ಯಾಪ್‌ಟಾಪಿನ ಹೆಸರು ಹಾಕಿ ಹುಡುಕಬೇಡಿ. ಹಳೇ ಜ್ಯಾಕಿನ ವೈರಿಗೆ ಸುತ್ತಿದ ಚಿಕ್ಕ ಲೇಬಲ್ ಇದ್ದರೆ ಅದರ ಮೇಲಿನ ಪಾರ್ಟ್ ನಂಬರ್ ಹಾಕಿ ಹುಡುಕಿ, ಫೋಟೋದಲ್ಲಿ ಕನೆಕ್ಟರಿನ ಕಿಂಡಿ ಎಣಿಸಿ. ಅಂಗಡಿಯ ದರಕ್ಕಿಂತ ಸ್ವಲ್ಪ ಜಾಸ್ತಿ ಆಗುತ್ತದೆ, ಪರವಾಗಿಲ್ಲ.

ಹಾಕುವ ಕೆಲಸದಲ್ಲಿ ಜ್ಯಾಕಿನದ್ದು ಕಾಲು ಪಾಲೂ ಇಲ್ಲ, ಇರುವುದೆಲ್ಲ ಬಿಚ್ಚುವುದರಲ್ಲಿ. ಡೆಲ್, ಎಚ್‌ಪಿ, ಲೆನೊವೊ ಮೂವರೂ ತಮ್ಮ ಲ್ಯಾಪ್‌ಟಾಪ್‌ಗಳ ಸರ್ವಿಸ್ ಮ್ಯಾನುಯಲ್ ತಮ್ಮ ವೆಬ್‌ಸೈಟಿನಲ್ಲೇ ಪುಕ್ಕಟೆ ಇಟ್ಟಿದ್ದಾರೆ, ಯಾವ ಸ್ಕ್ರೂ ಎಲ್ಲಿದೆ ಅಂತ ಚಿತ್ರ ಸಮೇತ. ಯೂಟ್ಯೂಬ್ ನೋಡುವ ಮೊದಲು ಅದನ್ನು ಇಳಿಸಿಕೊಳ್ಳಿ. ನಿಮ್ಮ ಮಾಡೆಲ್‌ನಲ್ಲಿ ಜ್ಯಾಕ್ ವೈರಿನದೋ ಬೋರ್ಡಿನದೋ ಅನ್ನುವುದೂ ಅಲ್ಲೇ ಗೊತ್ತಾಗುತ್ತದೆ: ಪವರ್ ಅಡಾಪ್ಟರ್ ಪೋರ್ಟ್ ತೆಗೆಯುವುದು ಹೇಗೆ ಅಂತ ಬೇರೆ ಭಾಗ ಇದ್ದರೆ ವೈರಿನದ್ದು ಅಂತ ಹೆಚ್ಚುಕಡಿಮೆ ಗ್ಯಾರಂಟಿ. ಸ್ಕ್ರೂಗಳ ಉದ್ದ ಬೇರೆ ಬೇರೆ ಇರುತ್ತದೆ, ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಮೇಲಿನ ಪ್ಲಾಸ್ಟಿಕ್ ತೂತಾಗುತ್ತದೆ. ಒಂದು ಹಾಳೆಯ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು ಆಯಾ ಜಾಗದಲ್ಲೇ ಸ್ಕ್ರೂ ಚುಚ್ಚಿಡಿ. ಡಿವಿಡಿ ಡ್ರೈವ್ ಇರುವ ಮಾಡೆಲ್ ಆದರೆ ಅದನ್ನು ಹೊರಗೆಳೆದ ಮೇಲೆ ಕಾಣುವ ಸ್ಕ್ರೂಗಳು ಕೆಲವಿರುತ್ತವೆ, ಅವನ್ನು ಬಿಟ್ಟು ಎಳೆದರೆ ಕಚ್ಚು ಮುರಿಯುತ್ತದೆ. ಅಂಚು ಬಿಡಿಸೋಕೆ ಹಳೇ ಎಟಿಎಂ ಕಾರ್ಡ್ ಸಾಕು, ಸ್ಕ್ರೂಡ್ರೈವರ್ ತೂರಿಸಬೇಡಿ.

ಕವರ್ ತೆಗೆದ ತಕ್ಷಣ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಚಾರ್ಜರ್ ತೆಗೆದಿದ್ದೇನಲ್ಲ ಅಂತ ಅದನ್ನು ಬಿಟ್ಟು ಮುಂದಕ್ಕೆ ಹೋಗಬೇಡಿ, ಬೋರ್ಡಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಬ್ಯಾಟರಿ ಉಬ್ಬಿದ್ದು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಅದನ್ನು ಮೀಟಬೇಡಿ, ಅಂಗಡಿಗೆ ತೋರಿಸಿ.

ಇನ್ನು ಜ್ಯಾಕ್. ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಸ್ಕ್ರೀನಿನ ಹಿಂಜ್, ಅಂದರೆ ಮುಚ್ಚಿ ತೆರೆಯುವ ಕೀಲು, ನೇರವಾಗಿ ಇದರ ಮೇಲೆ ಕೂತಿರುತ್ತದೆ. ಹಿಂಜ್‌ನ ಸ್ಕ್ರೂ ಬಿಚ್ಚಿ, ಸ್ವಲ್ಪ ಮೇಲಕ್ಕೆತ್ತಿದರೆ ಮಾತ್ರ ಜ್ಯಾಕ್ ಹೊರಗೆ ಬರುತ್ತದೆ. ಈಗಲೇ ಹಿಂಜ್‌ನ ಸ್ಕ್ರೂ ಕೂರುವ ಹಿತ್ತಾಳೆ ಬುಡಗಳು ಪ್ಲಾಸ್ಟಿಕ್ಕಿನಿಂದ ಕಿತ್ತು ಬಂದಿವೆಯಾ ನೋಡಿ. ಬಂದಿದ್ದರೆ ಪ್ರತಿ ಸಲ ಮುಚ್ಚಿ ತೆರೆದಾಗ ಹಿಂಜ್ ಹೋಗಿ ಜ್ಯಾಕನ್ನು ಅದುಮುತ್ತದೆ, ಹೊಸ ಜ್ಯಾಕ್ ಹಾಕಿದರೂ ಬೇಗ ಮತ್ತೆ ಅದೇ ಕಥೆ. ಬಿಳಿ ಕನೆಕ್ಟರನ್ನು ವೈರ್ ಹಿಡಿದು ಎಳೆಯಬೇಡಿ, ಎರಡು ಬದಿಗೆ ಉಗುರು ಕೊಟ್ಟು ಎಡ ಬಲ ಅಲ್ಲಾಡಿಸುತ್ತ ಬಿಡಿಸಿ. ಹಳೇ ವೈರ್ ಯಾವ ಕಾಲುವೆಯಂಥ ಸಂದಿನಲ್ಲಿ ಮಲಗಿತ್ತೋ ಹೊಸದೂ ಅದರಲ್ಲೇ ಮಲಗಬೇಕು, ಇಲ್ಲದಿದ್ದರೆ ಕವರ್ ಮುಚ್ಚಿದಾಗ ನಜ್ಜಾಗುತ್ತದೆ. ಬಿಚ್ಚುವ ಮೊದಲು ಫೋಟೋ ತೆಗೆದಿಟ್ಟುಕೊಳ್ಳಿ.

ಆ ಕಳೆದ ಒಂದು ಸ್ಟಾರ್ ಇಲ್ಲಿಯದು. ನನಗೆ ಸಿಕ್ಕಿದ್ದು ಕಂಪನಿಯ ಪಾರ್ಟ್ ಅಲ್ಲ, ಅದಕ್ಕೆ ಹೊಂದುವ ಹಾಗೆ ಬೇರೆಯವರು ಮಾಡಿದ್ದು. ಜ್ಯಾಕಿನ ಮೈ ಒಂದು ಅಂಚಿನಲ್ಲಿ ಕೂದಲೆಳೆಯಷ್ಟು ಜಾಸ್ತಿ ಇತ್ತು, ಗೂಡಿನಲ್ಲಿ ಕೂರಲಿಲ್ಲ, ಮರಳು ಕಾಗದದಲ್ಲಿ ಉಜ್ಜಬೇಕಾಯಿತು. ವೈರ್ ಹಳೇದಕ್ಕಿಂತ ಬಿರುಸು, ಆ ಸಂದಿನಲ್ಲಿ ನಿಲ್ಲದೆ ಎದ್ದು ಬರುತ್ತಿತ್ತು, ಒಂದು ತುಂಡು ಟೇಪ್ ಹಾಕಿ ಮಲಗಿಸಿದೆ. ಬಿಲ್ ಕೇಳಿದರೆ ಕೊಡುತ್ತಾರೆ, ವಾರಂಟಿ ಮಾತ್ರ ಕೇಳಬೇಡಿ. ಹಿಡಿತ ಚೆನ್ನಾಗಿದೆ, ಪಿನ್ ಚುಚ್ಚಿದಾಗ ಟಕ್ ಅಂತ ಕೂರುತ್ತದೆ, ಅಲ್ಲಾಡಿಸಿದರೂ ಲೈಟ್ ಆರುವುದಿಲ್ಲ, ಮೂಲೆ ಬಿಸಿ ಆಗುವುದು ಪೂರ್ತಿ ನಿಂತಿದೆ. ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಬರುವ ಮೊದಲು ತೆರೆಯುವ ಸೆಟ್ಟಿಂಗ್ ಪರದೆಯಲ್ಲಿ, ಚಾರ್ಜರಿನ ವ್ಯಾಟ್ ಸರಿಯಾಗಿ ತೋರಿಸುತ್ತಿದೆ, ಅಂದರೆ ನಡುವಿನ ಕಡ್ಡಿಯ ಸಂಪರ್ಕವೂ ಸರಿ.

ಬೋರ್ಡಿಗೇ ಬೆಸುಗೆ ಆಗಿರುವ ಜ್ಯಾಕ್ ಇದ್ದವರಿಗೆ ಈ ವಿಮರ್ಶೆಯಿಂದ ಹೆಚ್ಚು ಉಪಯೋಗ ಇಲ್ಲ. ನಮ್ಮ ಭಾವನ ಹಳೇ ಲ್ಯಾಪ್‌ಟಾಪ್ ಅಂಥದ್ದು. "ನಿನ್ನ ಹತ್ರ ಐರನ್ ಇದೆಯಲ್ಲ, ಮಾಡಿಬಿಡು ಮಾರಾಯ" ಅಂತ ತಂದುಕೊಟ್ಟರು, ನಾನು ವಾಪಸ್ ಕಳಿಸಿದೆ. ನನ್ನ ಹತ್ತಿರ ಇರುವುದು ಸೋಲ್ಡ್ರಾನ್ ಕಂಪನಿಯ 25 ವ್ಯಾಟಿನ ಸೋಲ್ಡರಿಂಗ್ ಐರನ್. ವೈರಿಗೆ ವೈರ್ ಬೆಸೆಯೋಕೆ ಆ ದುಡ್ಡಿಗೆ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ. ಲ್ಯಾಪ್‌ಟಾಪ್ ಬೋರ್ಡ್ ಬೇರೆ ಲೆಕ್ಕ. ಒಳಗೆ ಪದರ ಪದರ ತಾಮ್ರ, ಐರನ್ ಕೊಟ್ಟ ಶಾಖವನ್ನೆಲ್ಲ ಅದು ಹೀರಿಬಿಡುತ್ತದೆ. ಮೇಲಾಗಿ 2006ರಲ್ಲಿ ಯುರೋಪಿನಲ್ಲಿ ಸೀಸಕ್ಕೆ ಕಡಿವಾಣ ಬಿದ್ದ ಮೇಲೆ ಬೋರ್ಡ್‌ಗಳಲ್ಲಿ ಸೀಸ ಇಲ್ಲದ ಬೆಸುಗೆಯೇ ಜಾಸ್ತಿ. ನಾವು ಅಂಗಡಿಯಲ್ಲಿ ತರುವ 60/40 ಲೆಡ್, ಅಂದರೆ ತವರ ಸೀಸ ಬೆರೆತ ಬೆಸುಗೆ ತಂತಿ, 190 ಡಿಗ್ರಿಯೊಳಗೆ ಕರಗಿದರೆ ಸೀಸ ಇಲ್ಲದ್ದಕ್ಕೆ 217ರ ಮೇಲೆ ಬೇಕು. ಕರಗಲಿಲ್ಲ ಅಂತ ಟಿಪ್ ಒತ್ತಿ ಹಿಡಿದರೆ ಜ್ಯಾಕ್ ಜೊತೆ ಬೋರ್ಡಿನ ತಾಮ್ರವೂ ಎದ್ದು ಬರುತ್ತದೆ, ಆಗ ನಿಜವಾಗಿಯೂ ಮದರ್‌ಬೋರ್ಡ್ ರಿಪೇರಿ. ಹಾಟ್ ಏರ್, ಅಂದರೆ ಬಿಸಿ ಗಾಳಿ ಊದಿ ಬೆಸುಗೆ ಕರಗಿಸುವ ಯಂತ್ರ, ಇಟ್ಟುಕೊಂಡವರ ಹತ್ತಿರ ಕೊಡಿ, ನಮ್ಮೆದುರೇ ಮಾಡಿಕೊಡುವವರು ಎಸ್‌.ಪಿ. ರೋಡಿನಲ್ಲೇ ಇದ್ದಾರೆ.

ಕೇಬಲ್ ಕಡಿದವರಿಗೆ ಬರೀ ಪಿನ್ ಸಮೇತ ಕೇಬಲ್ ಸಿಗುತ್ತದೆ, ನೂರು, ನೂರೈವತ್ತು ರೂಪಾಯಿ. ಹಳೇ ಕೇಬಲ್ಲನ್ನು ಕಡಿದ ಜಾಗದಿಂದ ಸ್ವಲ್ಪ ಹಿಂದೆ ಕತ್ತರಿಸಿ ಬೆಸೆದು ಸ್ಲೀವ್ (ವೈರ್ ಮುಚ್ಚುವ ಪ್ಲಾಸ್ಟಿಕ್ ಕೊಳವೆ) ಹಾಕಿ. ಡೆಲ್‌ದು ಆದರೆ ಒಳಗೆ ಮೂರು ಇರುತ್ತವೆ: ಹೊರಗಿನ ಜಡೆ ಮೈನಸ್, ಅದರ ಒಳಗಿನ ಜಡೆ ಪ್ಲಸ್, ನಟ್ಟ ನಡುವಿನ ತೆಳ್ಳನೆಯ ವೈರ್ ಆ ಚಿಪ್ಪಿನದು. ಮೂರನ್ನೂ ಬೇರೆ ಬೇರೆ ಬೆಸೆದು, ಒಂದೊಂದಕ್ಕೂ ಸ್ಲೀವ್ ಹಾಕಿ, ಮೀಟರಿನಲ್ಲಿ ನೋಡಿ, ಆಮೇಲೇ ಲ್ಯಾಪ್‌ಟಾಪಿಗೆ ಚುಚ್ಚಿ. ಕೇಬಲ್ ಅಡಾಪ್ಟರಿನ ಬುಡದಲ್ಲೇ ಕಡಿದಿದ್ದರೆ ಡಬ್ಬಿ ಒಡೆಯೋಕೆ ಹೋಗಬೇಡಿ. 230 ವೋಲ್ಟ್ ಒಳಗೆ ಹೋಗಿ ದೊಡ್ಡ ಕೆಪಾಸಿಟರಿನಲ್ಲಿ 325ರ ಹತ್ತಿರ ನಿಂತಿರುತ್ತದೆ, ಪ್ಲಗ್ ತೆಗೆದ ಮೇಲೂ ಸ್ವಲ್ಪ ಹೊತ್ತು ಇರಬಹುದು. ಹೊಸ ಅಡಾಪ್ಟರ್ ತಗೊಳ್ಳಿ. ತಗೊಳ್ಳುವಾಗ ಅದರ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತಿನ ಕೆಳಗೆ ಆರ್ ಅಕ್ಷರದಿಂದ ಶುರುವಾಗುವ ನಂಬರ್ ಇದೆಯಾ ನೋಡಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅದು ಯಾರ ಹೆಸರಿನದು ಅಂತ ಬರುತ್ತದೆ. ಡಬ್ಬಿಯ ಮೇಲಿನ ಹೆಸರು ಒಂದು, ಆ್ಯಪ್‌ನಲ್ಲಿ ಬಂದದ್ದು ಇನ್ನೊಂದಾದರೆ ಕೊಳ್ಳದೆ ಬಂದುಬಿಡಿ.

ಸಿ ಟೈಪ್ ಚಾರ್ಜರಿನವರು ಇಷ್ಟೆಲ್ಲ ಓದಿದ್ದರೆ ಕ್ಷಮಿಸಿ, ನಿಮ್ಮದು ಬೇರೆ. ಲ್ಯಾಪ್‌ಟಾಪ್ ಆಫ್ ಮಾಡಿ ಟಾರ್ಚ್ ಹಾಕಿ ಪೋರ್ಟಿನ ಒಳಗೆ ನೋಡಿ, ಬ್ಯಾಗಿನ ನೂಲು ಧೂಳು ತಳದಲ್ಲಿ ಗಟ್ಟಿಯಾಗಿ ಕೂತು ಪಿನ್ ಪೂರ್ತಿ ಒಳಗೆ ಹೋಗುತ್ತಿರುವುದಿಲ್ಲ. ಮರದ ಟೂತ್‌ಪಿಕ್‌ನಲ್ಲಿ, ನಡುವಿನ ನಾಲಿಗೆಗೆ ತಾಗದಂತೆ, ಮೆಲ್ಲಗೆ ಕೆದಕಿ ತೆಗೆಯಿರಿ. ಆ ಪೋರ್ಟನ್ನು 10,000 ಸಲ ಚುಚ್ಚಿ ತೆಗೆಯುವ ಲೆಕ್ಕದಲ್ಲಿ ಮಾಡಿರುತ್ತಾರೆ, ಹಾಗಾಗಿ ಸವೆತಕ್ಕಿಂತ ಮೊದಲು ಕಸದ ಮೇಲೆ ಅನುಮಾನ ಪಡಿ. ತೆಗೆದ ಮೇಲೂ ಅಲ್ಲಾಡಿದರೆ ನಾಲಿಗೆ ಬಾಗಿದೆ ಅಥವಾ ಬೆಸುಗೆ ಬಿಟ್ಟಿದೆ, ಅದೂ ಹಾಟ್ ಏರ್ ಕೆಲಸವೇ.